ಹಿಮೋಗ್ಲೋಬಿನ್ 20 ದಾಟಿದರೆ ಅದು ಮೋಸವೇ?

[ತೆರೆಯ ಮೇಲೆ: ಹಿಮದಲ್ಲಿ ಸ್ಕೀ ಓಟ]

1964, ಇನ್ಸ್‌ಬ್ರುಕ್ ಒಲಿಂಪಿಕ್ಸ್. ಫಿನ್‌ಲ್ಯಾಂಡಿನ ಈರೊ ಮ್ಯಾಂಟಿರಾಂಟಾ 15 ಕಿಲೋಮೀಟರ್ ಸ್ಕೀ ಓಟವನ್ನು ಎರಡನೆಯವರಿಗಿಂತ 40 ಸೆಕೆಂಡಿಗೂ ಹೆಚ್ಚು ಅಂತರದಲ್ಲಿ ಗೆದ್ದರು. 30 ಕಿಲೋಮೀಟರಿನಲ್ಲೂ ಅವರದೇ ಚಿನ್ನ. ಹಿಮೋಗ್ಲೋಬಿನ್ ಅಂದರೆ ಕೆಂಪು ಕಣಗಳಲ್ಲಿ ಆಮ್ಲಜನಕ ಹೊರುವ ವಸ್ತು. ಅವರ ಹಿಮೋಗ್ಲೋಬಿನ್ 100 ಮಿಲಿಲೀಟರ್ ರಕ್ತಕ್ಕೆ 20 ಗ್ರಾಂ ದಾಟಿತ್ತು, ಗಂಡಸರಿಗೆ ಸಾಮಾನ್ಯವಾಗಿ 13ರಿಂದ 17 ಇರುತ್ತದೆ ಅಲ್ವಾ, ಹಾಗಾಗಿ ರಕ್ತ ಏರಿಸಿಕೊಂಡು ಬಂದಿದ್ದಾರೆ ಅಂತ ಜನ ಅನುಮಾನಪಟ್ಟರು.

ರಕ್ತಕ್ಕೆ ಆಮ್ಲಜನಕ ಸಾಲುತ್ತಿದೆಯಾ ಅಂತ ಗಮನಿಸುವುದು ನಮ್ಮ ಕಿಡ್ನಿ. ಸಾಲದಿದ್ದರೆ ಅದು ಇಪಿಒ ಎಂಬ ಹಾರ್ಮೋನನ್ನು ಜಾಸ್ತಿ ಬಿಡುತ್ತದೆ. ಮೂಳೆಯೊಳಗಿನ ಮಜ್ಜೆ ಆಗ ಕೆಂಪು ಕಣಗಳನ್ನು ಹೆಚ್ಚು ತಯಾರಿಸುತ್ತದೆ. ಸಾಕಾಯಿತೋ, ಇಪಿಒ ಇಳಿಯುತ್ತದೆ. ಒಂದು ಕಣದ ಆಯಸ್ಸು ಸುಮಾರು 120 ದಿನ, ಆದ್ದರಿಂದ ಸುಮ್ನೆ ಕೂತಿದ್ದಾಗಲೂ ಸೆಕೆಂಡಿಗೆ 20 ಲಕ್ಷದಷ್ಟು ಹೊಸ ಕಣ ಹುಟ್ಟುತ್ತಲೇ ಇರಬೇಕು!

ಮಜ್ಜೆಯ ಕಣಗಳ ಮೇಲೆ ಇಪಿಒ ಬಂದು ಕೂರುವ ಒಂದು ಪ್ರೋಟೀನ್ ಇದೆ, ಮ್ಯಾಂಟಿರಾಂಟಾ ಅವರ ದೇಹದಲ್ಲಿ ಅದರ ಬಾಲ ಮೊಟಕಾಗಿತ್ತು. 'ಇನ್ನು ಸಾಕು' ಅನ್ನುವ ಭಾಗ ಇರುವುದೇ ಆ ಬಾಲದಲ್ಲಿ, ಹಾಗಾಗಿ ಮಜ್ಜೆ ಕೆಂಪು ಕಣಗಳನ್ನು ಜಾಸ್ತಿ ತಯಾರಿಸುತ್ತಲೇ ಇತ್ತು. ಇದು ಮನೆತನದಲ್ಲೇ ಬಂದ ಜೀನ್ ಬದಲಾವಣೆ ಅಂತ ಗೊತ್ತಾದದ್ದು 1993ರಲ್ಲಿ, ಗೆದ್ದು ಸುಮಾರು 30 ವರ್ಷವಾದ ಮೇಲೆ. ನನಗೆ ತುಂಬಾ ನೋವು ಕೊಡುವ ಸಂಗತಿ ಇದು.

1997ರಲ್ಲಿ ಸೈಕ್ಲಿಂಗ್‌ನವರು ಒಂದು ಮಿತಿ ತಂದರು. ರಕ್ತದಲ್ಲಿ ಕೆಂಪು ಕಣಗಳ ಪಾಲು 50% ಮೀರಿದರೆ ಗಂಡಸರು ಓಡಿಸುವಂತಿಲ್ಲ. ಆದರೆ 42 ಇದ್ದವನು ಔಷಧಿಯಾಗಿ ಸಿಗುವ ಇಪಿಒ ಚುಚ್ಚಿಸಿಕೊಂಡು 49ಕ್ಕೆ ನಿಲ್ಲಿಸಿದರೆ? ಯಾರೂ ಕೇಳುವ ಹಾಗಿರಲಿಲ್ಲ.

[ತೆರೆಯ ಮೇಲೆ: ಸೂಕ್ಷ್ಮದರ್ಶಕದಲ್ಲಿ ನೀಲಿ ಬಲೆಯಂಥ ಗೆರೆಗಳಿರುವ ಕಣ]

ಇದನ್ನು ಸರಿಯಾಗಿ ನೋಡಿ. ಇದು ಮಜ್ಜೆಯಿಂದ ಈಗಷ್ಟೇ ಹೊರಬಂದ ಎಳೆ ಕಣ, ಬಣ್ಣ ಹಾಕಿದರೆ ಒಳಗೆ ಹೀಗೆ ಬಲೆ ಕಾಣುತ್ತದೆ, ಒಂದೆರಡು ದಿನದಲ್ಲಿ ಮಾಯವಾಗುತ್ತದೆ. ನಮ್ಮ ಕೆಂಪು ಕಣಗಳಲ್ಲಿ ಸುಮಾರು 1% ಇಂಥವು. ಒಬ್ಬ ತನ್ನದೇ ರಕ್ತ ತೆಗೆಸಿ, ಫ್ರಿಜ್‌ನಲ್ಲಿಟ್ಟು, ಸ್ಪರ್ಧೆಗೆ ಮುಂಚೆ ವಾಪಸ್ ಏರಿಸಿಕೊಂಡ ಅನ್ನಿ. ಅವನದೇ ರಕ್ತ, ಪರೀಕ್ಷೆಯಲ್ಲಿ ಹೊರಗಿನ ಔಷಧಿ ಏನೂ ಸಿಗುವುದಿಲ್ಲ. ಆದರೆ ಕಿಡ್ನಿಗೆ ಮೋಸ ಮಾಡುವುದು ಕಷ್ಟ: ಆಮ್ಲಜನಕ ಸಾಕಷ್ಟಿದೆ ಅಂತ ಅದು ಇಪಿಒ ಇಳಿಸುತ್ತದೆ, ಮಜ್ಜೆ ನಿಧಾನವಾಗುತ್ತದೆ, ಎಳೆ ಕಣ ಕಡಿಮೆಯಾಗುತ್ತದೆ. ಹಿಮೋಗ್ಲೋಬಿನ್ ಮೇಲಕ್ಕೆ, ಎಳೆ ಕಣ ಕೆಳಕ್ಕೆ. ರಕ್ತ ತೆಗೆಸಿದ ಹೊಸತರಲ್ಲಿ ಇದರ ತಿರುಗುಮುರುಗು.

2008ರಿಂದ ಸೈಕ್ಲಿಂಗ್‌ನಲ್ಲಿ ಪ್ರತಿ ಆಟಗಾರನ ಈ ಅಂಕಿಗಳನ್ನು ವರ್ಷಗಟ್ಟಲೆ ಬರೆದಿಡುತ್ತಾರೆ. ಇದಕ್ಕೆ ಜೈವಿಕ ಪಾಸ್‌ಪೋರ್ಟ್ ಅಂತ ಹೆಸರು. ಬೆಟ್ಟದ ಮೇಲೆ ತರಬೇತಿ ಮಾಡಿದರೂ ಅಂಕಿ ಏರಿಳಿಯುತ್ತದೆ, ಅದಕ್ಕೇ ತಜ್ಞರು ಕೂತು ನೋಡಬೇಕು. ಅಲ್ಲಿ ಹೋಲಿಕೆ ಬೇರೆಯವರ ಜೊತೆಗಲ್ಲ, ಅವರವರ ಹಳೇ ರಕ್ತದ ಜೊತೆಗೆ.

[ತೆರೆಯ ಮೇಲೆ: ಇಬ್ಬರ ಹಿಮೋಗ್ಲೋಬಿನ್ ತೋರಿಸುವ ಎರಡು ಗೆರೆ]

ಒಂದು ಗೆರೆ ಸ್ಪರ್ಧೆಯ ವಾರದಲ್ಲಿ ಮಾತ್ರ ಜಿಗಿಯುತ್ತದೆ. ಮ್ಯಾಂಟಿರಾಂಟಾ ಅವರದು ಹುಟ್ಟಿದಾಗಿನಿಂದ ಆ ಎತ್ತರದಲ್ಲೇ ಹೋಗುವ ಗೆರೆ.