ಮಾತು ಎಲ್ಲಿ ನಿಂತಿತು?

ಎಲ್ಲರಿಗೂ ನಮಸ್ಕಾರ. ಬೇರೆ ಬೇರೆ ಕಾಲೇಜುಗಳಿಂದ ಬಂದಿರುವ ಲ್ಯಾಬ್ ಇನ್‌ಸ್ಟ್ರಕ್ಟರುಗಳಿಗೆ, ಪ್ರೋಗ್ರಾಮರುಗಳಿಗೆ, ಹಿಂದೆ ಬಾಗಿಲ ಪಕ್ಕ ಕೂತಿರುವ ಅಟೆಂಡರ್ ಮಿತ್ರರಿಗೆ. ದಯವಿಟ್ಟು ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಇವೆ. ನಾನು ಇವತ್ತು ಹೇಳಲಿರುವ ಕಥೆಯಲ್ಲಿ ಕೆಲಸ ಉಳಿಸಿದ್ದು ಒಬ್ಬ ಅಟೆಂಡರ್.

ಮುಂದಿನ ತಿಂಗಳು ಪ್ರಾಕ್ಟಿಕಲ್ ಪರೀಕ್ಷೆ. ಪ್ರತಿ ಸಿಸ್ಟಮ್‌ಗೂ ಹೊಸ ಇಮೇಜ್, ಅಂದರೆ ಓಎಸ್ ಮತ್ತು ತಂತ್ರಾಂಶಗಳೆಲ್ಲ ಇರುವ ಡಿಸ್ಕಿನ ನಕಲು, ನೆಟ್‌ವರ್ಕ್ ಮೂಲಕ ಇಳಿಸಬೇಕು. ನಮ್ಮ ಲ್ಯಾಬುಗಳಲ್ಲಿ ಇದಕ್ಕೆ ಇನ್ನೂ ‘ಘೋಸ್ಟ್ ಹೊಡೆಯೋದು’ ಅಂತಲೇ ಹೆಸರು. ನ್ಯೂಜಿಲೆಂಡಿನ ಮರ್ರೆ ಹ್ಯಾಸರ್ಡ್ ತೊಂಬತ್ತರ ದಶಕದಲ್ಲಿ ಬರೆದ ತಂತ್ರಾಂಶ ಅದು, 1998ರಲ್ಲಿ ಸಿಮ್ಯಾಂಟೆಕ್ ಕಂಪನಿಯ ಕೈಗೆ ಹೋಯಿತು. ಈಗ ನಾವು ಬಳಸುವುದು ಫಾಗ್, ಕ್ಲೋನ್‌ಜಿಲ್ಲಾ ಅಥವಾ ವಿಂಡೋಸ್ ಡಿಪ್ಲಾಯ್‌ಮೆಂಟ್. ಫಾಗ್ ಹೆಸರಿನ ಕೊನೆಯ ಅಕ್ಷರ ‘ಜಿ’ಯೂ ಘೋಸ್ಟಿನದೇ. ಅಂದರೆ ದೆವ್ವ ಹೋಗಿದೆ, ಹೆಸರು ಬಿಟ್ಟಿಲ್ಲ.

ಇಮೇಜ್ ಇಳಿಯಲಿಲ್ಲ ಅಂದ ಕೂಡಲೇ ನಾವು ಏನು ಮಾಡುತ್ತೇವೆ? ಇಮೇಜ್ ಕೊಡುವ ಸರ್ವರಿಗೆ ಕೈ ಹಾಕುತ್ತೇವೆ. ಸರ್ವೀಸ್ ರೀಸ್ಟಾರ್ಟ್, ಆಮೇಲೆ ಸರ್ವರ್ ರೀಸ್ಟಾರ್ಟ್, ಆಮೇಲೆ ಸರ್ವರನ್ನೇ ಫಾರ್ಮ್ಯಾಟ್. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ. ಸರಿಯಿದ್ದ ಸರ್ವರುಗಳನ್ನು ಅಳಿಸಿ ಮತ್ತೆ ಕಟ್ಟಿದ ರಾತ್ರಿಗಳು ನಮ್ಮೆಲ್ಲರ ಬಳಿಯೂ ಇವೆ. ನನಗೆ ಇವತ್ತು ಹೇಳಬೇಕಾಗಿರುವುದು ಒಂದೇ ಮಾತು, ಬೇಜಾರಾಗುವಷ್ಟು ಸಲ ಹೇಳುತ್ತೇನೆ: ನೆಟ್‌ವರ್ಕ್ ಬೂಟ್, ಅಂದರೆ ಸಿಸ್ಟಮ್ ತನ್ನ ಡಿಸ್ಕಿನ ಬದಲು ನೆಟ್‌ವರ್ಕ್ ಮೂಲಕ ಏಳುವುದು, ಒಂದು ಮಾತುಕತೆ. ಮಾತು ಎಲ್ಲಿ ನಿಂತಿತು ಅಂತ ಮೊದಲು ನೋಡಿ. ಆಮೇಲೆ ಕೈ ಹಾಕಿ.

ಮಾತುಕತೆ ಹೇಗಿರುತ್ತದೆ ಅಂತ ನಿಮಗೆಲ್ಲ ಗೊತ್ತು, ಬೇಗ ಹೇಳಿಬಿಡುತ್ತೇನೆ. ಸಿಸ್ಟಮ್ ಆನ್ ಆದಾಗ ಅದಕ್ಕೆ ಐಪಿ ವಿಳಾಸ ಇಲ್ಲ, ಯಾರ ಪರಿಚಯವೂ ಇಲ್ಲ. ಜಾತ್ರೆಯಲ್ಲಿ ಕೈ ತಪ್ಪಿದ ಮಗುವಿನ ಹಾಗೆ ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಅದು ಡಿಎಚ್‌ಸಿಪಿ ಡಿಸ್ಕವರ್, ಡಿಎಚ್‌ಸಿಪಿ ಅಂದರೆ ಐಪಿ ವಿಳಾಸ ಹಂಚುವ ಪದ್ಧತಿ. ಯಾರೋ ಒಬ್ಬರು ‘ಬಾ, ನಿನಗೊಂದು ವಿಳಾಸ ಕೊಡುತ್ತೇನೆ’ ಅನ್ನುತ್ತಾರೆ, ಅದು ಆಫರ್. ಜೊತೆಗೆ ಮೊದಲು ಓಡಬೇಕಾದ ಬೂಟ್ ಫೈಲ್ ಎಲ್ಲಿದೆ, ಅದರ ಹೆಸರೇನು ಅಂತಲೂ ಗೊತ್ತಾಗಬೇಕು. ಆಮೇಲೆ ಟಿಎಫ್‌ಟಿಪಿ ಎಂಬ ಸರಳ ಫೈಲ್ ಸಾಗಣೆ ಪದ್ಧತಿಯ ಮೂಲಕ ಆ ಫೈಲ್ ಬರುತ್ತದೆ. ಅದು ಎದ್ದು ಕೂತು ದೊಡ್ಡ ಇಮೇಜನ್ನು ಎಳೆದುಕೊಳ್ಳುತ್ತದೆ. ಈ ಮಾತು ಎಲ್ಲಿ ನಿಂತಿತು ಅಂತ ಸಿಸ್ಟಮ್ಮೇ ಪರದೆ ಮೇಲೆ ಬರೆದು ತೋರಿಸುತ್ತದೆ. ಪಿಎಕ್ಸ್‌ಇ ಅಂದರೆ ನೆಟ್‌ವರ್ಕ್ ಬೂಟಿನ ನಿಯಮಾವಳಿ, ಅದರ ಮುಂದೆ ಬರುವುದು ತೊಂದರೆಯ ನಂಬರ್. ಪಿಎಕ್ಸ್‌ಇ-ಇ61 ಅಂದರೆ ಕೇಬಲ್ಲಿನಲ್ಲೇ ತೊಂದರೆ, ಬಾಯಿ ತೆರೆಯುವ ಮೊದಲೇ ನಿಂತಿದೆ. ಇ51 ಅಂದರೆ ಕೂಗಿದೆ, ಯಾರೂ ಓಗೊಟ್ಟಿಲ್ಲ. ಇ53 ಅಂದರೆ ಓಗೊಟ್ಟಿದ್ದಾರೆ, ಆದರೆ ಫೈಲಿನ ಹೆಸರು ಹೇಳಿಲ್ಲ. ಇ32 ಅಂದರೆ ಹೆಸರು ಗೊತ್ತಾಗಿ ಬಾಗಿಲು ತಟ್ಟಿದೆ, ಟಿಎಫ್‌ಟಿಪಿ ಉತ್ತರ ಬಂದಿಲ್ಲ. ಆ ಬರಹ ಎರಡು ಸೆಕೆಂಡ್ ಇದ್ದು ಮಾಯವಾಗುತ್ತದೆ ನಿಜ. ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ‘ಬೂಟ್ ಆಗ್ತಿಲ್ಲ ಸಾರ್’ ಅಂತ ಫೋನ್ ಮಾಡುವವರಿಗೆ ನಾನು ಕೇಳುವ ಮೊದಲ ಪ್ರಶ್ನೆಯೇ, ಪರದೆ ಮೇಲೆ ಯಾವ ನಂಬರ್ ಬಂತು?

ಈಗ ಆ ಕಥೆ. ಕಾಲೇಜಿನ ಹೆಸರು ಬೇಡ. ನಾನು ಕೆಲಸಕ್ಕೆ ಸೇರಿ ಬಹಳ ವರ್ಷ ಆಗಿರಲಿಲ್ಲ. ಲ್ಯಾಬಿನಲ್ಲಿ 60 ಸಿಸ್ಟಮ್. ಬೆಳಿಗ್ಗೆ ಒಂಬತ್ತೂವರೆಗೆ ಪರೀಕ್ಷೆ, ಹೊರಗಿನ ಎಕ್ಸಾಮಿನರ್ ಬರುತ್ತಾರೆ. ಆ ವಾರವಷ್ಟೇ ಹಳೆಯ ಸ್ವಿಚ್ಚುಗಳನ್ನು ತೆಗೆದು ಹೊಸ ಮ್ಯಾನೇಜ್ಡ್ ಸ್ವಿಚ್, ಅಂದರೆ ಪೋರ್ಟ್ ಪೋರ್ಟಿಗೂ ಸೆಟ್ಟಿಂಗ್ ಮಾಡಬಹುದಾದ ಸ್ವಿಚ್, ಹಾಕಿದ್ದರು. ರ‍್ಯಾಕ್‌ನಲ್ಲಿ ಮಿಣಮಿಣ ಅನ್ನುತ್ತಾ ಚೆನ್ನಾಗಿ ಕಾಣುತ್ತಿತ್ತು. ಸಂಜೆ ಆರಕ್ಕೆ ಇಮೇಜ್ ಇಳಿಸಲು ಕೂತೆ. ಇ51. ಇನ್ನೊಮ್ಮೆ. ಇ51.

‘ಸ್ವಿಚ್ ಹೊಸದು, ಅದರದ್ದೇ ಇರಬಹುದಾ’ ಅಂತ ಒಮ್ಮೆ ಅನ್ನಿಸಿತು. ಸಿಸ್ಟಮ್ಮಿನಲ್ಲಿ ಮೊದಲೇ ಇದ್ದ ವಿಂಡೋಸ್ ತೆರೆದು ನೋಡಿದೆ. ನೆಟ್ ಬರುತ್ತಿದೆ, ಪಿಂಗ್ ಹೋಗುತ್ತಿದೆ. ‘ನೆಟ್ ಬರ್ತಿದೆಯಲ್ಲ, ಸ್ವಿಚ್ ಸರಿ ಇದೆ’ ಅಂತ ತೀರ್ಮಾನ ಮಾಡಿದೆ. ಈ ವಾಕ್ಯ ನಿಮ್ಮ ಬಾಯಿಂದ ಬಂದಾಗಲೆಲ್ಲ ನನ್ನನ್ನು ನೆನಪಿಸಿಕೊಳ್ಳಿ. ಡಿಎಚ್‌ಸಿಪಿ ಸರ್ವೀಸ್ ತೆಗೆದು ಮತ್ತೆ ಹಾಕಿದೆ. ಹನ್ನೊಂದು ಗಂಟೆಗೆ ಫೈರ್‌ವಾಲ್ ಪೂರ್ತಿ ಆಫ್ ಮಾಡಿದೆ. ಒಂದೂವರೆಗೆ ಸರ್ವರನ್ನೇ ಫಾರ್ಮ್ಯಾಟ್ ಹೊಡೆದೆ. ಮೂರೂವರೆಗೆ ಹೊಸ ಸರ್ವರ್ ಸಿದ್ಧ. ಬಾಗಿಲ ಪಕ್ಕದ ಸಿಸ್ಟಮ್ ಆನ್ ಮಾಡಿದೆ. ಇ51.

ನಮ್ಮ ಅಟೆಂಡರ್ ಅಣ್ಣ ನನ್ನ ಜೊತೆ ಎಚ್ಚರ ಇದ್ದರು. ಎರಡು ಸಲ ಚಹಾ ಮಾಡಿ ತಂದಿದ್ದರು. ಐದು ಗಂಟೆ ಹೊತ್ತಿಗೆ ಅವರು ಎಲ್ಲ ಸಿಸ್ಟಮ್‌ಗಳನ್ನೂ ಆನ್ ಮಾಡುತ್ತಾ ಹೋದರು. ಕಿಟಕಿ ಕಡೆಯಿಂದ ಕೂಗಿದರು, ‘ಸಾರ್, ಈ ನಾಲ್ಕಕ್ಕೆ ಬಂತು ಸಾರ್!’

ಓಡಿ ಹೋಗಿ ನೋಡಿದೆ. ನಾಲ್ಕರಲ್ಲೂ ಫಾಗ್ ಮೆನು ಕೂತಿದೆ. ಉಳಿದ 56ರಲ್ಲಿ ಇ51. ‘ಇವಕ್ಕೆ ಏನು ಬೇರೆ ಇದೆ ಅಣ್ಣ?’ ಅಂದೆ. ಅವರು ಬಗ್ಗಿ ಮೇಜಿನ ಕೆಳಗಿಂದ ಒಂದು ಹಳೆಯ 8 ಪೋರ್ಟಿನ ಡಬ್ಬಿ ಸ್ವಿಚ್ ಎತ್ತಿ ತೋರಿಸಿದರು. ‘ಇಲ್ಲಿಗೆ ಕೇಬಲ್ ಸಾಕಾಗಲಿಲ್ಲ ಸಾರ್, ಅದಕ್ಕೆ ಇದನ್ನ ತೆಗೀಲಿಲ್ಲ ಅವರು.’

ಆ ಡಬ್ಬಿಯಿಂದ ದೊಡ್ಡ ಸ್ವಿಚ್ಚಿಗೆ ಒಂದೇ ಕೇಬಲ್. ಅಂದರೆ ದೊಡ್ಡ ಸ್ವಿಚ್ಚಿಗೂ ಸಿಸ್ಟಮ್‌ಗೂ ನಡುವೆ ಡಬ್ಬಿ ಇದ್ದರೆ ಕೆಲಸ ಆಗುತ್ತದೆ, ನೇರ ಇದ್ದರೆ ಆಗುವುದಿಲ್ಲ. ಈಗ ಲೆಕ್ಕ ಮಾಡೋಣ, ಈ ಲೆಕ್ಕ ನನಗೆ ಬಹಳ ಇಷ್ಟ.

ಇಂಟೆಲ್ 1999ರಲ್ಲಿ ಪ್ರಕಟಿಸಿದ ಪಿಎಕ್ಸ್‌ಇ 2.1 ನಿಯಮಾವಳಿ ಪ್ರಕಾರ ಸಿಸ್ಟಮ್ ನಾಲ್ಕು ಸಲ ಕೂಗುತ್ತದೆ. ಮೊದಲ ಕೂಗಿಗೆ 4 ಸೆಕೆಂಡ್ ಕಾಯುತ್ತದೆ, ಎರಡನೆಯದಕ್ಕೆ 8, ಮೂರನೆಯದಕ್ಕೆ 16, ನಾಲ್ಕನೆಯದಕ್ಕೆ 32. ಅಂದರೆ ಕೂಗುವುದು 0, 4, 12 ಮತ್ತು 28ನೇ ಸೆಕೆಂಡಿಗೆ. ಇನ್ನು ಸ್ವಿಚ್ ಕಡೆ ಬನ್ನಿ. ಅದರಲ್ಲಿ ಸ್ಪ್ಯಾನಿಂಗ್ ಟ್ರೀ ಇದೆ, ಕೇಬಲ್ಲುಗಳ ಸುತ್ತಿನಲ್ಲಿ ಪ್ಯಾಕೆಟ್ಟುಗಳು ಗಿರಕಿ ಹೊಡೆಯದಂತೆ ಕಾಯುವ ವ್ಯವಸ್ಥೆ. ಪೋರ್ಟಿಗೆ ಹೊಸದಾಗಿ ಲಿಂಕ್ ಬಂದರೆ ಅದು ತಕ್ಷಣ ಬಾಗಿಲು ತೆರೆಯುವುದಿಲ್ಲ. 15 ಸೆಕೆಂಡ್ ಲಿಸನಿಂಗ್, 15 ಸೆಕೆಂಡ್ ಲರ್ನಿಂಗ್, ಒಟ್ಟು 30. ಕೊನೆಯ ಕೂಗು 28ಕ್ಕೆ. ಬಾಗಿಲು ತೆರೆಯುವುದು 30ಕ್ಕೆ. ಎರಡೇ ಎರಡು ಸೆಕೆಂಡ್! ನಾಲ್ಕೂ ಕೂಗು ಮುಚ್ಚಿದ ಬಾಗಿಲಿಗೆ ಬಡಿದು ಬಿದ್ದವು. ವಿಂಡೋಸ್ ಆದರೆ ಮತ್ತೆ ಮತ್ತೆ ಕೇಳುತ್ತಲೇ ಇರುತ್ತದೆ, ಹಾಗಾಗಿ ಅದಕ್ಕೆ ನೆಟ್ ಬರುತ್ತದೆ. ಡಬ್ಬಿ ಇದ್ದಲ್ಲಿ, ಸಿಸ್ಟಮ್ ಆಫ್ ಆದರೂ ದೊಡ್ಡ ಸ್ವಿಚ್ಚಿನ ಪೋರ್ಟಿನ ಲಿಂಕ್ ಕಡಿಯುವುದೇ ಇಲ್ಲ, ಯಾವಾಗಲೋ ತೆರೆದ ಬಾಗಿಲು ತೆರೆದೇ ಇದೆ.

ನನ್ನ ಸರ್ವರಿನಲ್ಲಿ ಏನೂ ತಪ್ಪಿರಲಿಲ್ಲ. ಕೂಗು ಅದರ ಕಿವಿಗೆ ಬಿದ್ದೇ ಇರಲಿಲ್ಲ. ರಾತ್ರಿ ಏಳು ಗಂಟೆಗೆ ಸರ್ವರಿನಲ್ಲಿ ಟಿಸಿಪಿಡಂಪ್ ಹಾಕಿ (ಬರುವ ಹೋಗುವ ಪ್ಯಾಕೆಟ್ ತೋರಿಸುವ ತಂತ್ರಾಂಶ ಅದು), ಡಿಎಚ್‌ಸಿಪಿ ಸರ್ವರ್ ಕೇಳುವ ಪೋರ್ಟ್ 67ರ ಮೇಲೆ ಕಿವಿ ಇಟ್ಟಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು: ಒಂದು ಪ್ಯಾಕೆಟ್ಟೂ ಬರುತ್ತಿಲ್ಲ. ಮಾತು ಎಲ್ಲಿ ನಿಂತಿತು? ಸರ್ವರಿಗೆ ಬರುವ ಮೊದಲೇ. ಜೊತೆಗೆ ರಾತ್ರಿಯಿಡೀ ಬಾಗಿಲ ಪಕ್ಕದ ಒಂದೇ ಸಿಸ್ಟಮ್ಮಿನಲ್ಲಿ ಪರೀಕ್ಷೆ ಮಾಡುತ್ತಿದ್ದೆ. ಅಣ್ಣ ಅರವತ್ತನ್ನೂ ಆನ್ ಮಾಡಿದರು. ಆರು ಗಂಟೆಗೆ ಸಿಸ್ಟಮ್ ಕಡೆಯ ಪೋರ್ಟುಗಳಿಗೆ ಪೋರ್ಟ್‌ಫಾಸ್ಟ್, ಅಂದರೆ ಕಾಯದೆ ತಕ್ಷಣ ಬಾಗಿಲು ತೆರೆಯುವ ಸೆಟ್ಟಿಂಗ್, ಹಾಕಿದೆವು. ಒಂಬತ್ತು ಗಂಟೆಗೆ 60ರಲ್ಲೂ ಇಮೇಜ್ ಇಳಿದಿತ್ತು.

ಒಂದು ಎಚ್ಚರಿಕೆ. ಇದನ್ನು ಕೇಳಿ ಹೋಗಿ ಸ್ಪ್ಯಾನಿಂಗ್ ಟ್ರೀಯನ್ನೇ ಆಫ್ ಮಾಡಬೇಡಿ. ರೇಡಿಯಾ ಪರ್ಲ್‌ಮನ್ ಎಂಬ ಮಹಾತಾಯಿ 1985ರಲ್ಲಿ ಅದನ್ನು ರೂಪಿಸಿದ್ದಕ್ಕೆ ಕಾರಣ ಇದೆ. ಅದು ಇಲ್ಲದಿದ್ದರೆ, ಯಾರೋ ವಿದ್ಯಾರ್ಥಿ ಒಂದೇ ಕೇಬಲ್ಲಿನ ಎರಡೂ ತುದಿಯನ್ನು ಎರಡು ಪೋರ್ಟಿಗೆ ಚುಚ್ಚಿದ ದಿನ ಇಡೀ ಕ್ಯಾಂಪಸ್ ಮಲಗುತ್ತದೆ. ಸಿಸ್ಟಮ್ ಇರುವ ಪೋರ್ಟಿಗೆ ಮಾತ್ರ ಪೋರ್ಟ್‌ಫಾಸ್ಟ್, ಅದರ ಜೊತೆ ಬಿಪಿಡಿಯು ಗಾರ್ಡ್, ಆ ಪೋರ್ಟಿಗೆ ಯಾರಾದರೂ ಸ್ಪ್ಯಾನಿಂಗ್ ಟ್ರೀ ಇರುವ ಸ್ವಿಚ್ ಚುಚ್ಚಿದರೆ ಬಾಗಿಲು ಮುಚ್ಚುವ ಕಾವಲು.

ಇ51ಕ್ಕೆ ಇನ್ನೆರಡು ಕಾರಣ ಹೇಳಿ ಮುಂದೆ ಹೋಗುತ್ತೇನೆ. ಸರ್ವರ್ ಬೇರೆ ವಿಎಲ್‌ಎಎನ್‌ನಲ್ಲಿ, ಅಂದರೆ ಸ್ವಿಚ್ಚಿನಲ್ಲೇ ಬೇರ್ಪಡಿಸಿದ ಬೇರೆ ನೆಟ್‌ವರ್ಕಿನಲ್ಲಿ ಇದ್ದರೆ ಕೂಗು ರೌಟರ್ ದಾಟುವುದಿಲ್ಲ, ಅಲ್ಲಿ ಕೂಗನ್ನು ದಾಟಿಸುವ ಡಿಎಚ್‌ಸಿಪಿ ರಿಲೇ ಬೇಕು, ಸಿಸ್ಕೋದವರು ಐಪಿ ಹೆಲ್ಪರ್ ಅನ್ನುತ್ತಾರೆ. ಇನ್ನೊಂದು, ವಿಳಾಸದ ಪೂಲ್ ಖಾಲಿಯಾಗುವುದು. 60 ಸಿಸ್ಟಮ್‌ಗೆ 80 ವಿಳಾಸ ಸಾಕು ಅಂದುಕೊಳ್ಳುತ್ತೇವೆ. ಆದರೆ ಬೂಟ್ ಆಗುವಾಗ ಸಿಸ್ಟಮ್ ಒಂದು ಗುರುತು ಹೇಳುತ್ತದೆ, ಓಎಸ್ ಬಂದ ಮೇಲೆ ಇನ್ನೊಂದು ಗುರುತು ಹೇಳಬಹುದು. ಒಬ್ಬನೇ ಎರಡು ರೇಷನ್ ಕಾರ್ಡ್ ಮಾಡಿಸಿದ ಹಾಗೆ ಎರಡು ವಿಳಾಸ ತಿನ್ನುತ್ತದೆ. ಮೊದಲ ನಲವತ್ತು ಬಂದು ಉಳಿದವು ಬಾರದಿದ್ದರೆ ಲೀಸ್ ಪಟ್ಟಿ, ಅಂದರೆ ಯಾರಿಗೆ ಯಾವ ವಿಳಾಸ ಕೊಟ್ಟಿದೆ ಎಂಬ ಪಟ್ಟಿ, ನೋಡಿ.

ಇ53. ಇದು ಬೇರೆ ಜಾತಿ. ಓಗೊಟ್ಟಿದ್ದಾರೆ, ಆದರೆ ಫೈಲ್ ಹೆಸರಿಲ್ಲ. ಯಾರು ಓಗೊಟ್ಟರು ಅಂತ ನೋಡಿದ್ದೀರಾ? ಒಂದು ಕಡೆ ನಾವು ಎರಡು ದಿನ ಹುಡುಕಿದೆವು. ಸ್ಟಾಫ್ ರೂಮಿನಲ್ಲಿ ಯಾರೋ ವೈಫೈ ಬೇಕು ಅಂತ ಮನೆಯ ರೌಟರ್ ತಂದು ಲ್ಯಾನ್ ಪೋರ್ಟಿಗೇ ಚುಚ್ಚಿದ್ದರು. ಅದು ನಮ್ಮ ಸರ್ವರಿಗಿಂತ ಚುರುಕಾಗಿ ಎಲ್ಲರಿಗೂ ವಿಳಾಸ ಹಂಚುತ್ತಿತ್ತು. ಪರದೆ ಮೇಲೆ ಬಂದ ಐಪಿ ನಿಮ್ಮ ಸರಣಿಯದ್ದಲ್ಲ ಅಂತ ಕಂಡರೆ ಸ್ಟಾಫ್ ರೂಮಿಗೆ ಹೋಗಿ.

ಫೈಲ್ ಹೆಸರು ಬಂದರೂ ತಪ್ಪು ಫೈಲ್ ಬರಬಹುದು. ಸಿಸ್ಟಮ್ ಎಬ್ಬಿಸುವ ಹಳೆಯ ತಂತ್ರಾಂಶ ಬಯಾಸ್ ಇದ್ದರೆ ಒಂದು ಫೈಲ್, ಅದರ ಹೊಸ ರೂಪ ಯುಇಎಫ್‌ಐ ಇದ್ದರೆ ಇನ್ನೊಂದು. ಸಿಸ್ಟಮ್ ತಾನು ಯಾವ ಜಾತಿ ಅಂತ ಡಿಎಚ್‌ಸಿಪಿ ಸಂದೇಶದ ಆಪ್ಷನ್ 93ರಲ್ಲಿ ಹೇಳಿಯೇ ಇರುತ್ತದೆ: 0 ಅಂದರೆ ಹಳೆಯ ಬಯಾಸ್, 7 ಅಂದರೆ 64 ಬಿಟ್ ಯುಇಎಫ್‌ಐ. ನಾವು ಅದನ್ನು ಕೇಳಿಸಿಕೊಳ್ಳದೆ ಬೂಟ್ ಫೈಲಿನ ಹೆಸರಿರುವ ಆಪ್ಷನ್ 67ರಲ್ಲಿ ಒಂದೇ ಹೆಸರು ಬರೆದು ಕೂರಿಸುತ್ತೇವೆ. ಹೊಸ ಬ್ಯಾಚ್ ಸಿಸ್ಟಮ್ ಬಂದ ವರ್ಷವೇ ಎಲ್ಲ ಕೆಡುವುದು ಇದಕ್ಕೆ. ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿ ಇಲ್ಲದ ಫೈಲನ್ನು ಅದು ಮುಟ್ಟುವುದೂ ಇಲ್ಲ.

ಟಿಎಫ್‌ಟಿಪಿ. ‘ಬರುತ್ತೆ ಸಾರ್, ಆದರೆ ತುಂಬಾ ನಿಧಾನ’ ಅನ್ನುವವರು ಕೇಳಿ. ಇದರ ಮೂಲ ವಿನ್ಯಾಸದಲ್ಲಿ ಒಂದು ತುತ್ತು 512 ಬೈಟ್. ಒಂದು ತುತ್ತು ತಿಂದು ‘ಆಯ್ತು’ ಅಂದ ಮೇಲೆಯೇ ಇನ್ನೊಂದು. 400 ಎಂಬಿ ಬೂಟ್ ಇಮೇಜ್ ಅಂದರೆ 8,19,200 ತುತ್ತು. ಹೋಗಿ ಬರಲು 1 ಮಿಲಿಸೆಕೆಂಡ್ ಹಿಡಿದರೂ ಹದಿಮೂರು ನಿಮಿಷದ ಮೇಲೆ. ಬ್ಲಾಕ್ ಸೈಜ್ 1456ಕ್ಕೆ ಏರಿಸಿ, ಐದು ನಿಮಿಷದೊಳಗೆ ಬರುತ್ತದೆ. ಆಸೆಗೆ ಬಿದ್ದು 16384 ಮಾಡಿದರೆ ಪ್ಯಾಕೆಟ್ ತುಂಡಾಗುತ್ತದೆ, ನಡುವಿನ ಫೈರ್‌ವಾಲ್ ತುಂಡುಗಳನ್ನು ಎಸೆದರೆ ಏನೂ ಬರುವುದಿಲ್ಲ. ಇನ್ನೊಂದು, ಫೈರ್‌ವಾಲಿನಲ್ಲಿ 69 ಮಾತ್ರ ತೆರೆದು ಸುಮ್ಮನಾಗಬೇಡಿ. ಬಾಗಿಲು ತಟ್ಟುವುದು 69ರಲ್ಲಿ, ಸರ್ವರ್ ಉತ್ತರ ಕೊಡುವುದು ಬೇರೆ ಪೋರ್ಟಿನಿಂದ. ಇ32ರ ಅರ್ಧ ಕಥೆ ಇದೇ.

ಚೀಟಿ ಬಂದಿದೆ, ಏಳು ನಿಮಿಷ ಅಂತೆ. ಮಲ್ಟಿಕಾಸ್ಟ್, ಅಂದರೆ ಒಂದೇ ಇಮೇಜನ್ನು ಎಲ್ಲ ಸಿಸ್ಟಮ್‌ಗೂ ಒಟ್ಟಿಗೆ ಕಳಿಸುವುದು, ಅದರ ಬಗ್ಗೆ ವಿವರವಾಗಿ ಹೇಳಬೇಕು ಅಂತಿದ್ದೆ, ಆಗುವುದಿಲ್ಲ. ಶುರುವಾಗಿ ನಾಲ್ಕೈದು ನಿಮಿಷಕ್ಕೆ ಎಲ್ಲ ಸಿಸ್ಟಮ್ಮೂ ಒಟ್ಟಿಗೆ ನಿಂತುಹೋದರೆ ಸ್ವಿಚ್ಚಿನಲ್ಲಿ ಐಜಿಎಂಪಿ ಸ್ನೂಪಿಂಗ್ (ಕೇಳುವವರ ಪೋರ್ಟಿಗೆ ಮಾತ್ರ ಮಲ್ಟಿಕಾಸ್ಟ್ ಬಿಡುವ ಏರ್ಪಾಡು) ಇದ್ದು ಕ್ವೆರಿಯರ್ ಇಲ್ಲ ಅಂತ ಅನುಮಾನಪಡಿ. ‘ಯಾರು ಯಾರು ಕೇಳ್ತಿದ್ದೀರಿ’ ಅಂತ ಆಗಾಗ ಹಾಜರಿ ಕರೆಯುವವರು ಇಲ್ಲದಿದ್ದರೆ ಸ್ವಿಚ್ ಎಲ್ಲರೂ ಎದ್ದು ಹೋದರು ಅಂದುಕೊಳ್ಳುತ್ತದೆ. ಒಂದೇ ಒಂದು ಸಿಸ್ಟಮ್ಮಿನಿಂದ ಉಳಿದ 59 ನಿಧಾನವಾದರೆ ಅದರ ಕೇಬಲ್ ಕ್ರಿಂಪಿಂಗ್ ನೋಡಿ, 100 ಎಂಬಿಪಿಎಸ್‌ಗೆ ಇಳಿದಿರುತ್ತದೆ.

ಇಮೇಜ್ ಇಳಿದ ಮೇಲಿನ ಕಾಯಿಲೆಗಳು: ವಿಂಡೋಸ್ ನೀಲಿ ಪರದೆಯಲ್ಲಿ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಅಂದರೆ ಬಯಾಸಿನಲ್ಲಿ ಡಿಸ್ಕ್ ಓಡಿಸುವ ಸೆಟ್ಟಿಂಗ್ ಎಎಚ್‌ಸಿಐ ಇದೆಯಾ, ರೇಡ್ ಇದೆಯಾ ನೋಡಿ, ಮಾಸ್ಟರ್ ಸಿಸ್ಟಮ್ಮಿನ ಹಾಗೇ ಇರಬೇಕು. ಉಬುಂಟು ಇಳಿಸಿದಾಗ ಎರಡು ಸಿಸ್ಟಮ್ ಒಂದೇ ಐಪಿಗೆ ಕಿತ್ತಾಡಿದರೆ ಪ್ರತಿ ಸಿಸ್ಟಮ್‌ಗೂ ಬೇರೆ ಬೇರೆ ಇರಬೇಕಾದ ಗುರುತು, ಮೆಷಿನ್ ಐಡಿ, ನಕಲಾಗಿದೆ. ಇಮೇಜ್ ತೆಗೆಯುವ ಮೊದಲು ಆ ಫೈಲನ್ನು ಖಾಲಿ ಮಾಡಿ, ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ಗೆ ಸಿಸ್ಟಮ್ಮಿನ ಗುರುತಾದ ಕೀಗಳನ್ನೂ ತೆಗೆಯಿರಿ. ಮತ್ತೊಂದು ಕೈ ಮುಗಿದು ಕೇಳುವುದು: ಮಾಸ್ಟರ್ ಇಮೇಜಿನಲ್ಲೇ ಕನ್ನಡ ಕೀಲಿಮಣೆ ಹಾಕಿಡಿ. ಒಂದು ಸಲದ ಕೆಲಸ, ಅರವತ್ತು ಮಕ್ಕಳಿಗೆ ಕನ್ನಡ ಬರೆಯಲು ಬರುತ್ತದೆ.

ಮುಂದಿನ ಸಾಲಿನಲ್ಲಿ ಕೂತಿರುವ ಮೇಡಂ ಬೆಳಿಗ್ಗೆ ಒಂದು ಫೋಟೊ ತೋರಿಸಿದರು, ಪಿಎಕ್ಸ್‌ಇ-ಇ55. ನಾನು ಕೇಳಿದ್ದು ಒಂದೇ: ‘ಡಿಪ್ಲಾಯ್‌ಮೆಂಟ್ ಸರ್ವರನ್ನು ಇತ್ತೀಚೆಗೆ ಬೇರೆ ಮೆಷಿನ್ನಿಗೆ ಬದಲಾಯಿಸಿದಿರಾ?’ ಹೌದು ಅಂದರು. ಹಳೆಯ ಡಿಎಚ್‌ಸಿಪಿ ಸರ್ವರಿನಲ್ಲಿ ಆಪ್ಷನ್ 60 ಹಾಗೇ ಉಳಿದಿದೆ. ಅದು ‘ಬೂಟ್ ಸೇವೆ ನನ್ನಲ್ಲೇ ಇದೆ’ ಅನ್ನುತ್ತಿದೆ, ಸಿಸ್ಟಮ್ ನಂಬಿ 4011ನೇ ಪೋರ್ಟಿಗೆ ಹೋಗುತ್ತದೆ, ಅಲ್ಲಿ ಯಾರೂ ಇಲ್ಲ. ಮೇಡಂ, ಆ ಆಪ್ಷನ್ ತೆಗೆದು ನೋಡಿ, ಸರ್ವರ್ ಫಾರ್ಮ್ಯಾಟ್ ಮಾಡಬೇಡಿ.

ಚಹಾ ಬಂದಿದೆ. ಆ 8 ಪೋರ್ಟಿನ ಡಬ್ಬಿ ನನ್ನ ಚೀಲದಲ್ಲೇ ಇದೆ, ಪಕ್ಕದ ಲ್ಯಾಬಿನಲ್ಲಿ ಒಂದು ಮ್ಯಾನೇಜ್ಡ್ ಸ್ವಿಚ್ ಕೂಡ ಇಟ್ಟಿದ್ದೇವೆ. ಗಡಿಯಾರ ಹಿಡಿದು ಬನ್ನಿ, 28ನೇ ಸೆಕೆಂಡಿನ ಕೂಗು ಬಾಗಿಲಿಗೆ ಬಡಿಯುವುದನ್ನು ಕಣ್ಣಾರೆ ನೋಡೋಣ.