ಗಾಳಿಗೆ ಎದುರಾಗಿ ಮೂವತ್ತು ಮೈಲಿ

ಗೆಳೆಯರೆ, ಈ ಸಭೆಯಲ್ಲಿ ಕಡಲ ಮೇಲೆ ದುಡಿದವರು ಬಹಳ ಮಂದಿ ಇದ್ದೀರಿ. ಹಾಗಾಗಿ ಗಾಳಿಯಿಂದಲೇ ಶುರುಮಾಡುತ್ತೇನೆ. ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೊಂದು ಗಾಳಿ, ಬೇಸಿಗೆಗೊಂದು ಗಾಳಿ. ಕೆರಿಬಿಯನ್ ಕಡಲಿನ ಪೂರ್ವದಂಚಿನ ದ್ವೀಪಗಳಲ್ಲಿ ಹಾಗಲ್ಲ. ವರ್ಷದ ಬಹುಪಾಲು ದಿನ ಗಾಳಿ ಪೂರ್ವದಿಂದಲೇ ಬೀಸುತ್ತದೆ. ದ್ವೀಪಗಳ ಸಾಲು ಹೆಚ್ಚುಕಡಿಮೆ ಉತ್ತರ-ದಕ್ಷಿಣ. ಆದ್ದರಿಂದ ಹೋಗುವಾಗಲೂ ಬರುವಾಗಲೂ ಗಾಳಿ ದೋಣಿಯ ಪಕ್ಕೆಗೇ ಸಿಗುತ್ತದೆ. ಹಾಯಿದೋಣಿಗೆ ಅದಕ್ಕಿಂತ ಒಳ್ಳೆಯ ಗಾಳಿ ಇಲ್ಲ. ಸ್ವಂತ ಹಾಯಿದೋಣಿಯಲ್ಲಿ ಮನೆಮಾಡಿಕೊಂಡವರು ಚಳಿಗಾಲ ಬಂತೆಂದರೆ ಅತ್ತ ಹೊರಡುವುದು ಇದಕ್ಕೇ.

ಆದರೆ ಗ್ರೆನಡಾದಿಂದ ಅದೇ ದೇಶದ ಸಣ್ಣ ದ್ವೀಪ ಕ್ಯಾರಿಯಕೂಗೆ ಹೋಗುವ ದಾರಿಯಲ್ಲಿ ಸಾಲು ಈಶಾನ್ಯಕ್ಕೆ ವಾಲುತ್ತದೆ, ಗಾಳಿ ಎದುರಾಗುತ್ತದೆ. ಮೂವತ್ತು ನಾಟಿಕಲ್ ಮೈಲಿಯ ಆಸುಪಾಸು, ಒಂದು ಹಗಲಿನ ಹಾದಿ. ಗೆಳೆಯನ ದೋಣಿಯಲ್ಲಿ ಮೂವರು ಒಂದು ಫೆಬ್ರವರಿಯಲ್ಲಿ ನಸುಕಿಗೇ ಗ್ರೆನಡಾದ ರಾಜಧಾನಿ ಸೇಂಟ್ ಜಾರ್ಜಸ್ ಬಿಟ್ಟೆವು. ದ್ವೀಪದ ಪಶ್ಚಿಮ ಮಗ್ಗುಲಲ್ಲಿ ಬೆಟ್ಟದ ಮರೆ, ನೀರು ಕೆರೆಯಂತೆ. ಹಾಯಿ ಜೋಲುತ್ತಿತ್ತು, ಎಂಜಿನ್ ಹಾಕಿಕೊಂಡೇ ಸಾಗಿದೆವು. ಚಹಾ ಲೋಟ ಅಡುಗೆಕಟ್ಟೆಯ ಮೇಲೆ ಅಲುಗದೆ ನಿಂತಿತ್ತು. ಅಷ್ಟರಲ್ಲಿ ಗೆಳೆಯ ದೊಡ್ಡ ಹಾಯಿಯನ್ನು ಅರ್ಧಕ್ಕೆ ಇಳಿಸಿ ಮಡಚಿ ಕಟ್ಟಲು ಹೇಳಿದ. ಗಾಳಿಯೇ ಇಲ್ಲವಲ್ಲ ಎಂದೆ. "ಇಲ್ಲದಿರುವಾಗಲೇ ಮಡಚಬೇಕು" ಎಂದ. ದ್ವೀಪದ ಉತ್ತರದ ಮೂಲೆ ದಾಟಿದ್ದೇ ಗಾಳಿ ಒಮ್ಮೆಲೇ ಮೈಮೇಲೆ ಬಂತು. ಆಫ್ರಿಕಾದ ತೀರದಿಂದೀಚೆಗೆ ಆ ಅಲೆಗಳಿಗೆ ತಡೆಯೇ ಇಲ್ಲ. ಚಹಾ ಲೋಟ ಎಲ್ಲಿ ಹೋಯಿತೋ ಸಂಜೆಯವರೆಗೆ ಸಿಗಲಿಲ್ಲ. ಆಗ ಹಾಯಿ ಮಡಚಲು ಹೊರಟಿದ್ದರೆ ನಮ್ಮಲ್ಲಿ ಒಬ್ಬನಾದರೂ ನೀರಿಗೆ ಬೀಳುತ್ತಿದ್ದ ಎಂದು ಈಗಲೂ ನಂಬಿದ್ದೇನೆ.

ಗಾಳಿಗಿಂತ ಮೋಸ ಮಾಡುವುದು ಸೆಳೆತ. ದ್ವೀಪಗಳ ನಡುವಿನ ಕಾಲುವೆಗಳಲ್ಲಿ ನೀರು ಸದಾ ಪಶ್ಚಿಮಕ್ಕೆ ಹರಿಯಲು ನೋಡುತ್ತದೆ. ದೋಣಿಯ ಮೂತಿ ಕ್ಯಾರಿಯಕೂ ಕಡೆಗೇ ಇರುತ್ತದೆ, ದೋಣಿ ಮಾತ್ರ ಅಡ್ಡಡ್ಡ ಜಾರುತ್ತಿರುತ್ತದೆ. ಜಾರಿದರೆ ಎಲ್ಲಿಗೆ? ಗ್ರೆನಡಾದಿಂದ ಉತ್ತರಕ್ಕೆ ಎಂಟು ಕಿಲೋಮೀಟರ್ ದೂರದಲ್ಲಿ ನೀರಿನಡಿ ಕಿಕ್ ಎಮ್ ಜೆನ್ನಿ ಎಂಬ ಜ್ವಾಲಾಮುಖಿ ಇದೆ. 1939ರಲ್ಲಿ ಅದು ಸಿಡಿದಾಗಲೇ ಇದೆಯೆಂದು ತಿಳಿದದ್ದು. ಅದು ಸುಮ್ಮನಿರುವಾಗಲೂ 1.5 ಕಿಲೋಮೀಟರ್ ಒಳಗೆ ದೋಣಿ ಹೋಗುವಂತಿಲ್ಲ. ಕೆರಳಿದರೆ ಆ ಗಡಿ 5 ಕಿಲೋಮೀಟರ್. ಅನಿಲದ ಗುಳ್ಳೆ ತುಂಬಿದ ನೀರು ದೋಣಿಯನ್ನು ಹೊರುವುದಿಲ್ಲ. ನಾವು ಚುಕ್ಕಾಣಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಪೂರ್ವಕ್ಕೇ ಹಿಡಿದು ಹೋದೆವು.

ಕ್ಯಾರಿಯಕೂ ದಾಟಿದರೆ ಬೇರೆ ದೇಶ, ಸೇಂಟ್ ವಿನ್ಸೆಂಟ್ ಮತ್ತು ಗ್ರೆನಡೀನ್ಸ್. ಪ್ರವೇಶಕ್ಕೆ ಅನುಮತಿ ಕೇಳುವ ಹಳದಿ ಬಾವುಟ ಏರಿಸಿ, ಕಸ್ಟಮ್ಸ್ ಮತ್ತು ಇಮಿಗ್ರೇಷನ್ ಮುಗಿಸಿ, ಆ ದೇಶದ ಬಾವುಟ ಕಟ್ಟಬೇಕು. ಇನ್ನೊಂದು ಮಾತು ನಮ್ಮ ಬೋಟಿನವರಿಗೆ: ಇಲ್ಲಿ ಬಂದರಿನೊಳಗೆ ಬರುವಾಗ ಕೆಂಪು ಬೋಯಿ, ಅಂದರೆ ದಾರಿ ತೋರುವ ತೇಲುಗುರುತು, ಎಡಕ್ಕೆ. ಅಲ್ಲಿ ಬಲಕ್ಕೆ. ಅಮೆರಿಕ ಖಂಡದ ಕಡಲೆಲ್ಲ ಹಾಗೆಯೇ. ರಾತ್ರಿ ದಣಿದು ಬರುವಾಗ ಹಳೆಯ ರೂಢಿಯ ಕೈ ದೋಣಿಯನ್ನು ಬಂಡೆಗೆ ಒಯ್ದೀತು.

ಟೊಬೆಗೊ ಕೇಸ್ ಎಂಬ ಐದು ಜನರಿಲ್ಲದ ದ್ವೀಪಗಳ ನಡುವೆ ಹೋಗಲು ನಕ್ಷೆಗಿಂತ ಕಣ್ಣು ಮುಖ್ಯ. ಸೂರ್ಯ ನೆತ್ತಿಯ ಮೇಲಿರುವಾಗಲೇ ಒಳಗೆ ಹೋಗಬೇಕು. ಒಬ್ಬ ಮೂತಿಯಲ್ಲಿ ನಿಂತು ನೀರಿನ ಬಣ್ಣ ಕೂಗಿ ಹೇಳುತ್ತಾನೆ. ಕಡುನೀಲಿ ಆಳ, ತಿಳಿಹಸಿರು ಮರಳು, ಕಂದು ಎಂದರೆ ಹವಳದ ದಿಬ್ಬ. ಲಂಗರು ಹಾಕುವುದಾದರೆ ಮರಳಿನ ಮೇಲೇ, ಏಕೆಂದರೆ ಹವಳ ಮುರಿದರೆ ಮತ್ತೆ ಬೆಳೆಯಲು ಒಂದು ತಲೆಮಾರೂ ಸಾಲದು. ಅಲ್ಲಿ ಹಸಿರು ಕಡಲಾಮೆ ಪಕ್ಕದಲ್ಲೇ ಬಂದು ನೀರಿನಡಿಯ ಕಡಲಹುಲ್ಲು ಮೇಯುತ್ತದೆ. ಅದು ತಲೆ ಮೇಲೆತ್ತಿ ಉಸಿರು ಬಿಡುವ ಸಣ್ಣ ಸದ್ದು ಕೇಳಲು ನಾನು ಮತ್ತೆ ಅಷ್ಟು ದೂರ ಹೋಗಬಲ್ಲೆ.

ಜೂನ್‌ನಿಂದ ನವೆಂಬರ್ ಚಂಡಮಾರುತಗಳ ಕಾಲ. ಆಗ ದೋಣಿಯವರು ದಕ್ಷಿಣಕ್ಕೆ ಸರಿಯುತ್ತಾರೆ. ಗ್ರೆನಡಾ ಸುಮಾರಾಗಿ ಸುರಕ್ಷಿತ ಎಂಬುದು ಬಹುಕಾಲದ ನಂಬಿಕೆ. 2004ರಲ್ಲಿ ಐವನ್ ಎಂಬ ಚಂಡಮಾರುತ ಅದನ್ನು ಮುರಿಯಿತು. 2024ರ ಜುಲೈ 1ರಂದು ಬೆರಿಲ್ ನೇರ ಕ್ಯಾರಿಯಕೂ ಮೇಲೇ ಬಂತು. ಗಂಟೆಗೆ ಸುಮಾರು 240 ಕಿಲೋಮೀಟರ್ ವೇಗದ ಗಾಳಿ. ಅಲ್ಲಿನ ಟಿರೆಲ್ ಬೇ ಕೊಲ್ಲಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಹಗ್ಗ ಕಟ್ಟಿಕೊಂಡು ನಿಂತ ದೋಣಿಗಳೂ ಒಂದರ ಮೇಲೊಂದು ಬಿದ್ದವು. ಪಕ್ಕದ ಯೂನಿಯನ್ ದ್ವೀಪದಲ್ಲಿ ಸೂರು ಉಳಿದ ಮನೆ ವಿರಳ. ಹಾಯಿದೋಣಿಯವರಿಗೆ ವಿಮೆ ಇರುತ್ತದೆ, ಹೊರಟುಹೋಗಲು ದಾರಿ ಇರುತ್ತದೆ. ಅವರ ಲಂಗರು ಕಾಯುವವನಿಗೆ, ಮೀನು, ಬ್ರೆಡ್ಡು ತಂದು ಮಾರುವ ಹುಡುಗನಿಗೆ ಎರಡೂ ಇಲ್ಲ. ಇದನ್ನು ಹೇಳದೆ ಆ ಕಡಲಿನ ಚೆಲುವನ್ನು ವರ್ಣಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ಮುಂದಿನ ವರ್ಷ ಮತ್ತೆ ಕ್ಯಾರಿಯಕೂಗೆ ಹೋದೆ. ಕಾಂಡ್ಲಾ ಗಿಡಗಳು ಬೂದಿಬಣ್ಣಕ್ಕೆ ತಿರುಗಿ, ಎಲೆಯಿಲ್ಲದೆ ನಿಂತಿದ್ದವು. ಪೂರ್ವದ ದಂಡೆಯ ವಿಂಡ್‌ವರ್ಡ್ ಊರಿಗೆ ನಡೆದೆ. ಅಲ್ಲಿನವರು ತಲೆಮಾರುಗಳಿಂದ ಮರದ ಹಾಯಿದೋಣಿ ಕಟ್ಟುತ್ತಾರೆ. 2023ರಲ್ಲಿ ಯುನೆಸ್ಕೊ ಆ ಕಸುಬನ್ನು ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿದೆ. ದೋಣಿಯ ಪಕ್ಕೆಲುಬುಗಳಿಗೆ ಬಾಗಿ ಬೆಳೆದ ಕೊಂಬೆಯೇ ಬೇಕು, ನೇರ ಮರವನ್ನು ಬಗ್ಗಿಸಿದರೆ ತಾಳದು. ಒಬ್ಬ ಹಿರಿಯರು ಬಿರುಗಾಳಿಗೆ ಉರುಳಿದ ಮರಗಳ ನಡುವೆ ಕೈಯಲ್ಲಿ ಹಲಗೆಯ ಅಚ್ಚು ಹಿಡಿದು ತಿರುಗುತ್ತಿದ್ದರು. ಒಂದೊಂದು ಕೊಂಬೆಯ ಬಾಗಿಗೂ ಅಚ್ಚನ್ನು ಒತ್ತಿ ನೋಡಿ, ಒಪ್ಪಿದ್ದಕ್ಕೆ ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದರು. ನಾನಿದ್ದ ಅರ್ಧ ಗಂಟೆಯಲ್ಲಿ ಮೂರು ಕೊಂಬೆ ಒಪ್ಪಿದವು.