ಹೊಳೆಯಾಚೆಯ ಇನ್ನೂರು ಮಕ್ಕಳು

ಕೇಳುಗರೆಲ್ಲರಿಗೂ ನಮಸ್ಕಾರ.

ಒಂದು ಸಣ್ಣ ಲೆಕ್ಕದಿಂದ ಮಾತು ಶುರು ಮಾಡೋಣ. ಒಂದು ಪ್ರದೇಶದಲ್ಲಿ ಲಸಿಕೆ ಹಾಕಿಸಬೇಕಾದ 1,000 ಮಕ್ಕಳಿದ್ದಾರೆ ಎನ್ನಿ. ಅವರಲ್ಲಿ 800 ಮಕ್ಕಳಿಗೆ ಲಸಿಕೆ ಆಗಿದೆ. ನೂರಕ್ಕೆ ಎಂಬತ್ತು. ವರದಿಯಲ್ಲಿ ನೋಡಲು ಚೆನ್ನಾಗಿಯೇ ಕಾಣುತ್ತದೆ. ಈಗ ಅದೇ ಲೆಕ್ಕವನ್ನು ಎರಡು ಪಾಲು ಮಾಡಿ. ಆರೋಗ್ಯ ಕೇಂದ್ರದ ಸುತ್ತಮುತ್ತ 800 ಮಕ್ಕಳಿದ್ದಾರೆ, ಅವರಲ್ಲಿ 760 ಮಂದಿಗೆ ಲಸಿಕೆ ಸಿಕ್ಕಿದೆ. ಹೊಳೆಯಾಚೆ 200 ಮಕ್ಕಳಿದ್ದಾರೆ, ಸಿಕ್ಕಿರುವುದು 40 ಮಕ್ಕಳಿಗೆ ಮಾತ್ರ. ಈಚೆ ಶೇಕಡ 95, ಆಚೆ ಶೇಕಡ 20. ಮುಂದಿನ ವರ್ಷ ಒಟ್ಟು ಸಾಧನೆಯನ್ನು 84ಕ್ಕೆ ಏರಿಸಿ ಎಂದು ಗುರಿ ಕೊಟ್ಟರೆ ಯಾರೂ ಹೊಳೆ ದಾಟಬೇಕಿಲ್ಲ. ಈಚೆ ಉಳಿದಿರುವ 40 ಮಕ್ಕಳನ್ನು ಕರೆತಂದರೆ ಸಾಕು. ಗುರಿ ಮುಟ್ಟುತ್ತದೆ, ಆದರೆ ಎರಡು ದಡಗಳ ನಡುವಿನ ಅಂತರ ಇನ್ನಷ್ಟು ಹಿಗ್ಗುತ್ತದೆ.

ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ ಇದನ್ನು 1971ರಲ್ಲೇ ಗುರುತಿಸಿದ್ದರು. ಚಿಕಿತ್ಸೆಯ ಅಗತ್ಯ ಎಲ್ಲಿ ಹೆಚ್ಚೋ ಅಲ್ಲೇ ಒಳ್ಳೆಯ ಚಿಕಿತ್ಸೆ ಕಡಿಮೆ ಸಿಗುತ್ತದೆ ಎಂದು ಅವರು ಬರೆದರು. ಆರೋಗ್ಯ ಸಮತೆಗಾಗಿ ದುಡಿಯುತ್ತೇವೆ ಎನ್ನುವ ದತ್ತಿ ಸಂಸ್ಥೆಯ ಕೆಲಸ ಈ ಅಂತರವನ್ನು ಅಳೆದು ಕಿರಿದು ಮಾಡುವುದು. ಔಷಧ ಹಂಚುವುದು, ಶಿಬಿರ ನಡೆಸುವುದು, ಕಟ್ಟಡ ಕಟ್ಟುವುದು ಇವೆಲ್ಲ ಅದಕ್ಕೆ ಸಾಧನಗಳು. ಅಂತರ ಕಿರಿದಾಗದಿದ್ದರೆ ಅವುಗಳ ಸಂಖ್ಯೆ ಎಷ್ಟಿದ್ದರೂ ಪ್ರಯೋಜನವಿಲ್ಲ.

ಹಾಗಾಗಿ ಮೊದಲ ಕೆಲಸ ಪಟ್ಟಿ. ಆರೋಗ್ಯ ಕೇಂದ್ರದ ದಾಖಲೆಯಲ್ಲಿ ಇರುವುದು ಬಂದವರ ಹೆಸರು. ನಮಗೆ ಬೇಕಾದದ್ದು ಬಾರದವರ ಹೆಸರು. ಅದಕ್ಕೆ ಪ್ರತಿ ಮನೆಯ ಬಾಗಿಲು ತಟ್ಟಬೇಕು. ಕಟ್ಟಡ ಕಾಮಗಾರಿಯ ಶೆಡ್ಡುಗಳು, ಋತುವಿಗೆ ತಕ್ಕಂತೆ ಬಂದು ಹೋಗುವ ಕೂಲಿಕಾರರ ಗುಡಾರಗಳು, ಒಂದೇ ವಿಳಾಸದಲ್ಲಿ ಮೂರು ಸಂಸಾರ ಇರುವ ಬಾಡಿಗೆ ಕೋಣೆಗಳು ಸಾಮಾನ್ಯವಾಗಿ ಎಣಿಕೆಯಿಂದ ಜಾರುವ ಜಾಗಗಳು. ಬೀಗ ಹಾಕಿದ ಮನೆಯನ್ನು ಖಾಲಿ ಎಂದು ಬರೆದುಕೊಳ್ಳಬಾರದು. ಅಲ್ಲಿಯವರು ಕೆಲಸಕ್ಕೆ ಹೋಗಿರುತ್ತಾರೆ. ಸಂಜೆ ಇನ್ನೊಮ್ಮೆ, ರಜೆಯ ದಿನ ಮತ್ತೊಮ್ಮೆ ಹೋಗಬೇಕು. ದೂರವನ್ನು ಕಿಲೋಮೀಟರಿನಲ್ಲಿ ಬರೆದರೆ ಅರ್ಧ ಸತ್ಯ. ಮಗುವನ್ನು ಎತ್ತಿಕೊಂಡ ತಾಯಿಗೆ ನಡೆಯಲು ಎಷ್ಟು ನಿಮಿಷ ಬೇಕು, ಮಳೆಗಾಲದಲ್ಲಿ ಎಷ್ಟು ಎಂದು ಬರೆಯಬೇಕು. ಪಟ್ಟಿಯ ಕೊನೆಗೆ ಒಂದು ಅಂಕಣ ಬಿಟ್ಟಿರಬೇಕು: ಏಕೆ ಬರಲಿಲ್ಲ?

ಇಡೀ ಯೋಜನೆ ನಿಂತಿರುವುದು ಆ ಕೊನೆಯ ಅಂಕಣದ ಮೇಲೆ. ‘ಅರಿವು ಇಲ್ಲ’ ಎಂದು ಎಲ್ಲರ ಹೆಸರಿನ ಮುಂದೂ ಬರೆದು ಭಿತ್ತಿಪತ್ರ ಅಚ್ಚು ಹಾಕಿಸುವುದು ಬಹಳ ಸುಲಭ. ಕೂತು ಕೇಳಿದರೆ ಬೇರೆಯೇ ಉತ್ತರಗಳು ಬರುತ್ತವೆ. ಕೇಂದ್ರ ಮಧ್ಯಾಹ್ನಕ್ಕೆ ಮುಚ್ಚುತ್ತದೆ, ಹೋದರೆ ಆ ದಿನದ ಕೂಲಿ ಇಲ್ಲ. ಹೋದ ಸಲ ಎಲ್ಲರೆದುರು ಗದರಿದರು. ಅವರ ಮಾತು ನಮಗೆ ತಿಳಿಯುವುದಿಲ್ಲ. ಗಾಲಿಕುರ್ಚಿ ಮೆಟ್ಟಿಲು ಹತ್ತುವುದಿಲ್ಲ. ಹೆರಿಗೆಯ ಸಂಕಷ್ಟವನ್ನು ಅಧ್ಯಯನ ಮಾಡಿದವರು ಮೂರು ವಿಳಂಬಗಳನ್ನು ಹೇಳುತ್ತಾರೆ: ಹೋಗಬೇಕೆಂದು ತೀರ್ಮಾನಿಸುವಲ್ಲಿ, ಆಸ್ಪತ್ರೆ ತಲುಪುವಲ್ಲಿ, ತಲುಪಿದ ಮೇಲೆ ಚಿಕಿತ್ಸೆ ಸಿಗುವಲ್ಲಿ. ಒಂದು ಊರಿನ ತೊಂದರೆ ಮೂರನೆಯದಾಗಿದ್ದರೆ ಅಲ್ಲಿಗೆ ಆಂಬುಲೆನ್ಸ್ ಕೊಟ್ಟು ಏನು ಫಲ? ರಕ್ತವಿಲ್ಲದ, ಅರಿವಳಿಕೆ ವೈದ್ಯರಿಲ್ಲದ ಆಸ್ಪತ್ರೆಗೆ ಗರ್ಭಿಣಿ ಬೇಗ ತಲುಪಿದ್ದಾಳೆ, ಅಷ್ಟೇ.

ಹಣದ ತಡೆಯನ್ನು ಹೊರಗಿನವರು ಯಾವಾಗಲೂ ಕಡಿಮೆ ಅಂದಾಜು ಮಾಡುತ್ತಾರೆ. ಬಿಟ್ಟಿ ಕೊಟ್ಟರೆ ಬೆಲೆ ಇರುವುದಿಲ್ಲ, ಅಲ್ಪಸ್ವಲ್ಪ ಶುಲ್ಕ ಇರಲಿ ಎಂಬ ವಾದ ಹಳೆಯದು. ಕೀನ್ಯಾದಲ್ಲಿ ಗರ್ಭಿಣಿಯರಿಗೆ ಸೊಳ್ಳೆಪರದೆ ಕೊಡುವ ಕೇಂದ್ರಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಉಚಿತವಾಗಿದ್ದ ಪರದೆಗೆ 60 ಸೆಂಟ್, ಅಂದರೆ ಬೆಲೆಯ ಹತ್ತನೆಯ ಒಂದು ಭಾಗ ಮಾತ್ರ ಕೇಳಿದಾಗ, ಪರದೆ ಒಯ್ಯುವವರ ಪ್ರಮಾಣ ನೂರರಲ್ಲಿ ಅರವತ್ತರಷ್ಟು ಕುಸಿಯಿತು. ಹಣ ಕೊಟ್ಟು ಒಯ್ದವರು ಉಚಿತವಾಗಿ ಪಡೆದವರಿಗಿಂತ ಹೆಚ್ಚು ಬಳಸಿದರು ಎಂಬುದಕ್ಕೂ ಪುರಾವೆ ಸಿಗಲಿಲ್ಲ.

ಇನ್ನು ಕೆಲವೊಮ್ಮೆ ಮದ್ದು ಔಷಧಾಲಯದ ಹೊರಗಿರುತ್ತದೆ. ಅಮೆರಿಕದ ಮಿಸಿಸಿಪಿ ರಾಜ್ಯದ ಮೌಂಡ್ ಬಯೂ ಎಂಬಲ್ಲಿ 1960ರ ದಶಕದಲ್ಲಿ ಜಾಕ್ ಗೈಗರ್ ಮತ್ತು ಸಂಗಡಿಗರು ಬಡ ಕಪ್ಪುಜನರಿಗಾಗಿ ಆರೋಗ್ಯ ಕೇಂದ್ರ ತೆರೆದರು. ಸೊರಗಿ ಬರುತ್ತಿದ್ದ ಮಕ್ಕಳಿಗೆ ಅಲ್ಲಿನ ವೈದ್ಯರು ಚೀಟಿಯಲ್ಲಿ ಆಹಾರವನ್ನೇ ಬರೆದುಕೊಟ್ಟರು. ದಿನಸಿ ಅಂಗಡಿಯ ಬಿಲ್ಲನ್ನು ಕೇಂದ್ರದ ಔಷಧ ಖಾತೆಯಿಂದ ಕಟ್ಟಲಾಯಿತು. ಮೇಲಿನವರು ಆಕ್ಷೇಪ ಎತ್ತಿದಾಗ, ಅಪೌಷ್ಟಿಕತೆಗೆ ಮದ್ದು ಆಹಾರವೇ ತಾನೆ ಎಂದು ಗೈಗರ್ ಉತ್ತರಿಸಿದರು. ಅದೇ ಕೇಂದ್ರ ಬಾವಿ ತೋಡಿಸಿತು, ಶೌಚಾಲಯ ಕಟ್ಟಿಸಿತು. ದತ್ತಿ ಹಣಕ್ಕೆ ಇರುವ ದೊಡ್ಡ ಅನುಕೂಲ ಇದು. ಔಷಧ, ನೀರು, ಆಹಾರ ಎಂಬ ಬೇರೆ ಬೇರೆ ಲೆಕ್ಕಶೀರ್ಷಿಕೆಗಳ ನಡುವಿನ ಗೋಡೆ ದಾಟಲು ಅದಕ್ಕೆ ಸಾಧ್ಯವಿದೆ.

ಈಗ ರಕ್ತದೊತ್ತಡದ ಶಿಬಿರವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸಾಲು ಉದ್ದವಿದೆ. ಬಿಸಿಲಲ್ಲಿ ನಡೆದು ಬಂದವರನ್ನು ಕೂರಿಸಿದ ಕೂಡಲೇ ತೋಳಿಗೆ ಪಟ್ಟಿ ಸುತ್ತುತ್ತಾರೆ. ದಪ್ಪ ತೋಳಿಗೂ ಅದೇ ಸಣ್ಣ ಪಟ್ಟಿ. ಇಂಥ ಅಳತೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಸರಿಯಾದ ಕ್ರಮವೆಂದರೆ ಐದು ನಿಮಿಷ ಸುಮ್ಮನೆ ಕೂರಿಸಬೇಕು. ಬೆನ್ನಿಗೆ ಆಸರೆ ಇರಲಿ, ಪಾದ ನೆಲಕ್ಕೆ ಊರಿರಲಿ, ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ಅಳೆಯುವಾಗ ಮಾತು ಬೇಡ. ಒಂದೆರಡು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆಯಬೇಕು. 140/90 ದಾಟಿದ್ದರೆ ಬೇರೊಂದು ದಿನ ಮತ್ತೆ ನೋಡಿ ಖಚಿತಪಡಿಸಿಕೊಳ್ಳಬೇಕು. ಹೀಗೆ ಮಾಡಿದರೆ ಒಂದು ದಿನಕ್ಕೆ ನೋಡಬಹುದಾದವರ ಸಂಖ್ಯೆ ಕಡಿಮೆಯಾಗುತ್ತದೆ. ಆಗಲಿ, ಆ ಸಂಖ್ಯೆ ಕಡಿಮೆಯೇ ಇರಬೇಕು.

ಅಳೆದ ಮೇಲೆ ಏನಾಯಿತು ಎಂಬುದು ಅದಕ್ಕಿಂತ ಮುಖ್ಯ. 2014ರಲ್ಲಿ ವಿಶ್ವಸಂಸ್ಥೆಯ ಏಡ್ಸ್ ವಿಭಾಗ ಒಂದು ಗುರಿ ಹಾಕಿಕೊಂಡಿತು: ಸೋಂಕಿತರಲ್ಲಿ ಶೇಕಡ 90 ಮಂದಿಗೆ ಸೋಂಕು ಇರುವುದು ಗೊತ್ತಾಗಬೇಕು, ಅವರಲ್ಲಿ ಶೇಕಡ 90 ಮಂದಿ ಚಿಕಿತ್ಸೆಯಲ್ಲಿರಬೇಕು, ಅವರಲ್ಲಿ ಶೇಕಡ 90 ಮಂದಿಯ ದೇಹದಲ್ಲಿ ವೈರಾಣು ಹತೋಟಿಗೆ ಬರಬೇಕು. ಮೂರೂ ಹಂತದಲ್ಲಿ ಗೆದ್ದರೂ ಕೊನೆಗೆ ನೂರರಲ್ಲಿ ಸುಮಾರು 73 ಮಂದಿ ಉಳಿಯುತ್ತಾರೆ. ಪ್ರತಿ ಮೆಟ್ಟಿಲಲ್ಲೂ ಒಂದಿಷ್ಟು ಜನ ಉದುರುತ್ತಾರೆ, ಅದರಲ್ಲೂ ದೂರದವರು, ಬಡವರು ಮೊದಲು. ರಕ್ತದೊತ್ತಡಕ್ಕೂ ಇದೇ ಏಣಿ ಹಾಕಿ ಎಣಿಸಬೇಕು: ಅಳೆದವರೆಷ್ಟು, ಮಾತ್ರೆ ಶುರು ಮಾಡಿದವರೆಷ್ಟು, ಆರು ತಿಂಗಳಾದ ಮೇಲೂ ನುಂಗುತ್ತಿರುವವರೆಷ್ಟು, ಒತ್ತಡ ಹತೋಟಿಯಲ್ಲಿ ಇರುವವರೆಷ್ಟು. ಹತೋಟಿಗೆ ಬಂದವರಿಗೆ ಹತ್ತು ದಿನದ ಮಾತ್ರೆ ಕೊಟ್ಟು ಕಳಿಸುವ ಬದಲು ಎರಡು ಮೂರು ತಿಂಗಳಿಗಾಗುವಷ್ಟು ಕೊಟ್ಟರೆ ಎಷ್ಟೋ ದಿನದ ಕೂಲಿ ಉಳಿಯುತ್ತದೆ.

ಮಾತ್ರೆ ಬಿಟ್ಟವರ ಮನೆಗೆ ಹೋಗುವವಳು ಅದೇ ಊರಿನ ಆರೋಗ್ಯ ಕಾರ್ಯಕರ್ತೆ. ಅವಳನ್ನು ಸ್ವಯಂಸೇವಕಿ ಎಂದು ಕರೆದು ಗೌರವಧನದಲ್ಲಿ ದುಡಿಸಿಕೊಳ್ಳುವುದು ಅನ್ಯಾಯ. ಬಡಹೆಂಗಸಿನ ಬಿಟ್ಟಿ ದುಡಿಮೆಯ ಮೇಲೆ ಸಮತೆಯನ್ನು ಕಟ್ಟಲಾಗದು. ಕೆಲಸಕ್ಕೆ ತಕ್ಕ ಸಂಬಳ ಕೊಡಿ, ತಲೆಗಿಷ್ಟು ಎಂಬ ಪ್ರೋತ್ಸಾಹಧನವನ್ನೇ ಮುಖ್ಯ ಮಾಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಹೇಳಿದೆ. ತಲೆಗಿಷ್ಟು ಎಂದಾಗ ದೂರದ ಮನೆ ತಾನಾಗಿಯೇ ಬಿಟ್ಟುಹೋಗುತ್ತದೆ.

ಅನುದಾನ ಎಡವುವುದು ಹೆಚ್ಚಾಗಿ ಇಂಥ ಕಡೆಯೇ. ಯಂತ್ರಕ್ಕೆ ಹಣ ಇರುತ್ತದೆ. ಅದರ ಫಿಲ್ಟರಿಗೆ, ವೋಲ್ಟೇಜ್ ಸ್ಟೆಬಿಲೈಸರಿಗೆ, ರಿಪೇರಿಯವನ ಪ್ರಯಾಣಕ್ಕೆ ಇರುವುದಿಲ್ಲ. ಔಷಧ ದಾನ ಬಂದರೆ, ತಲುಪಿದ ದಿನದಿಂದ ಕನಿಷ್ಠ ಒಂದು ವರ್ಷ ವಾಯಿದೆ ಉಳಿದಿರಬೇಕು ಎಂಬುದು ಒಪ್ಪಿತ ನಿಯಮ. ಆ ನಿಯಮ ಮುರಿದು ಬಂದ ಪೆಟ್ಟಿಗೆಗಳನ್ನು ಸುಡುವ ಖರ್ಚು ಪಡೆದವರ ತಲೆಗೇ ಬೀಳುತ್ತದೆ. ಒಂದು ವರ್ಷದ ಅನುದಾನ ಇನ್ನೊಂದು ಕಂಟಕ. ಮನೆಪಟ್ಟಿ ಮಾಡಿ, ಕಾರ್ಯಕರ್ತೆಯರಿಗೆ ತರಬೇತಿ ಕೊಡುವಷ್ಟರಲ್ಲಿ ಅರ್ಧ ವರ್ಷ ಕಳೆದಿರುತ್ತದೆ. ಮೂರರಿಂದ ಐದು ವರ್ಷದ ಮಾತು ಕೊಡಲಾಗದಿದ್ದರೆ ಆ ಊರಿಗೆ ಕಾಲಿಡದಿರುವುದೇ ಲೇಸು.

ಕೆಲಸವನ್ನು ಸರ್ಕಾರದ ವ್ಯವಸ್ಥೆಗೆ ಒಪ್ಪಿಸುವ ಮಾತುಕತೆ ಮೊದಲ ವರ್ಷವೇ ಆಗಬೇಕು. ಸಂಬಳದ ಶ್ರೇಣಿ, ನಮೂನೆ, ಔಷಧದ ಹೆಸರು ಎಲ್ಲವೂ ಸರ್ಕಾರದ್ದೇ ಆಗಿದ್ದರೆ ಕೈ ಬದಲಾಗುವಾಗ ಏನೂ ಮುರಿಯುವುದಿಲ್ಲ. ಒಪ್ಪಿಸಿ ಆರು ತಿಂಗಳಾದ ಮೇಲೆ ಸಂಸ್ಥೆಯವರು ಒಮ್ಮೆ ಹೋಗಿ, ಪ್ರತಿ ವಸತಿಯಲ್ಲೂ ಚೀಟಿ ಎತ್ತಿದಂತೆ 19 ಮನೆ ಆರಿಸಿ ನೋಡಬಹುದು. ಗುರಿ ಶೇಕಡ 80 ಆಗಿದ್ದರೆ, ಸಣ್ಣ ಮಾದರಿಯ ಏರುಪೇರಿಗೆ ಒಂದಿಷ್ಟು ಜಾಗ ಬಿಟ್ಟು, 19ರಲ್ಲಿ ಕನಿಷ್ಠ 13 ಮನೆಗಾದರೂ ಸೇವೆ ತಲುಪಿರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಆ ವಸತಿಯಲ್ಲಿ ಕೆಲಸ ಹಿಂದೆ ಬಿದ್ದಿದೆ ಎಂದೇ ತಿಳಿಯಬೇಕು. ಇಷ್ಟು ಸಣ್ಣ ಮಾದರಿ ಖಚಿತ ಶೇಕಡಾವಾರು ಹೇಳಲಾರದು, ಎಲ್ಲಿಗೆ ಮತ್ತೆ ಹೋಗಬೇಕೆಂದು ಮಾತ್ರ ಹೇಳುತ್ತದೆ. ಹೊಳೆಯಾಚೆಯ 19 ಮನೆಗಳನ್ನು ಈಚೆಯವುಗಳ ಜೊತೆ ಕೂಡಿಸಬಾರದು.

ನಮಸ್ಕಾರ.